ಒಂದೇ ಚಿತ್ರ, ನಾಲ್ಕು ಲಿಪಿ: ಬೀದರ್ ಸೀಮೆಯ ಗ್ರಂಥಾಲಯಕ್ಕೆ ಚಿತ್ರಕಾದಂಬರಿಯ ಕಪಾಟು

ಈ ಚರ್ಚೆ ಹೆಸರಿನಲ್ಲೇ ಎಡವುತ್ತದೆ. ‘ಚಿತ್ರಕಥೆ’ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸಿನಿಮಾ ಶುರುವಾಗುವಾಗ ತೆರೆಯ ಮೇಲೆ ಬರುವ ‘ಕಥೆ, ಚಿತ್ರಕಥೆ, ಸಂಭಾಷಣೆ’ ಎಂಬ ಸಾಲು. ‘ಕಾಮಿಕ್ಸ್’ ಎಂದರೆ ಬಸ್ ನಿಲ್ದಾಣದ ಅಂಗಡಿಯ ಮುಂದೆ ಮಗು ಹಟ ಹಿಡಿದು ಕೊಡಿಸಿಕೊಳ್ಳುವ ಸರಕು. ‘ಗ್ರಾಫಿಕ್ ಕಾದಂಬರಿ’ ಎಂದರೆ ಇಂಗ್ಲಿಷ್ ಬಲ್ಲವರ, ಬೆಲೆ ಹೆಚ್ಚಿನ, ದೊಡ್ಡ ಊರಿನ ಪುಸ್ತಕ. ಅಮೆರಿಕದ ವಿಲ್ ಐಸ್ನರ್ 1978ರಲ್ಲಿ ‘ಎ ಕಾಂಟ್ರ್ಯಾಕ್ಟ್ ವಿತ್ ಗಾಡ್’ ತಂದಾಗಿನಿಂದ ಈ ಹೆಸರು ವ್ಯಾಪಕ ಬಳಕೆಗೆ ಬಂತು. ಕಾಮಿಕ್ಸ್ ಎಂದರೆ ಮೂಗು ಮುರಿಯುವವರ ಕೈಗೂ ಅದೇ ಕಲೆಯನ್ನು ಮುಟ್ಟಿಸುವ ಉಪಾಯವೂ ಅದರಲ್ಲಿತ್ತು. ಈ ಲೇಖನದಲ್ಲಿ ‘ಚಿತ್ರಕಾದಂಬರಿ’ ಎಂದಾಗ ಚಿತ್ರವೂ ಮಾತೂ ಕೂಡಿ ಹೇಳುವ ಎಲ್ಲ ದೊಡ್ಡ ಕಥನಗಳನ್ನು, ಅವುಗಳ ಹಿಂದೆಮುಂದೆ ನಿಲ್ಲುವ ಮಕ್ಕಳ ಚಿತ್ರಪುಸ್ತಕಗಳನ್ನು ಒಟ್ಟಿಗೆ ಗಣಿಸಿದ್ದೇನೆ. ಗ್ರಂಥಾಲಯದ ಕಪಾಟಿಗೆ ಅಷ್ಟು ವಿಶಾಲ ಅರ್ಥವೇ ಬೇಕು. ಬೀದರ್ ನಗರ, ಭಾಲ್ಕಿ, ಔರಾದ್ ಈ ಮೂರು ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಂಥದೊಂದು ಕಪಾಟು ಬೇಕೇ, ಬೇಕಾದರೆ ಅದರಲ್ಲಿ ಏನಿರಬೇಕು ಎಂಬುದು ಇಲ್ಲಿಯ ಪ್ರಶ್ನೆ. ಬೇಕು ಎಂಬುದು ನನ್ನ ನಿಲುವು. ಆದರೆ ಅದಕ್ಕೆ ನಾನು ಕೊಡುವ ಮುಖ್ಯ ಕಾರಣ ಮಕ್ಕಳ ಮನರಂಜನೆಯಲ್ಲ, ಈ ಸೀಮೆಯ ಭಾಷೆಗಳ ಹೆಣಿಗೆ.

ಇದು ಹೊರಗಿನಿಂದ ಬಂದ ರೂಪ ಎನ್ನುವ ಮಾತನ್ನು ಮೊದಲೇ ಬದಿಗಿಡಬಹುದು. ಕರ್ನಾಟಕದ ಊರೂರಿನ ವೀರಗಲ್ಲುಗಳಲ್ಲಿ ಕಥೆ ಅಂತಸ್ತುಗಳಲ್ಲಿ ಸಾಗುತ್ತದೆ: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಕೆಳಗಿನಿಂದ ಮೇಲಕ್ಕೆ ಓದಬೇಕಾದ ಮೂರು ಚೌಕಟ್ಟಿನ ಚಿತ್ರಕಥೆ ಅದು. ತೊಗಲುಗೊಂಬೆ ಹಿಡಿದು ಉತ್ತರ ಕರ್ನಾಟಕದಲ್ಲಿ ಕನ್ನಡದ ಕಥೆ ಹೇಳುತ್ತ ಬಂದ ಕಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಬಗೆ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಪೈಠಣದ ಚಿತ್ರಗಳಿವೆ, ತೆಲಂಗಾಣದಲ್ಲಿ ಚೇರಿಯಾಲದ ಬಟ್ಟೆಯ ಸುರುಳಿಗಳಿವೆ. ಚಿತ್ರ ತೋರಿಸಿ ಕಥೆ ಹೇಳುವವರ ನಾಡುಗಳ ನಡುವೆಯೇ ಬೀದರ್ ಕೂತಿದೆ. ಅಚ್ಚಿನ ಕಾಲಕ್ಕೆ ಬಂದರೂ ಕನ್ನಡ ಹಿಂದೆ ಬಿದ್ದಿರಲಿಲ್ಲ. ‘ಚಂದಮಾಮ’ ಕನ್ನಡದಲ್ಲಿ 1949ರಲ್ಲೇ ಶುರುವಾಯಿತು. ಅಮರ ಚಿತ್ರಕಥೆಯ ಹುಟ್ಟಿನ ಕಥೆಯಲ್ಲೂ ಕನ್ನಡಕ್ಕೆ ಮೊದಲ ಸಾಲಿದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ದೇಶದ ಮನೆಮಾತಾಗಿಸುವ ಮುನ್ನ, 1965ರ ಸುಮಾರಿಗೆ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನಲ್ಲಿದ್ದ ಜಿ.ಕೆ. ಅನಂತರಾಮ್ ಪಾಶ್ಚಾತ್ಯ ಕಥೆಗಳನ್ನು ಕನ್ನಡದ ಚಿತ್ರಪುಸ್ತಕಗಳಾಗಿ ಹೊರತಂದಿದ್ದರು. ಆ ಮಾಲಿಕೆಯ ಮೊದಲ ಹತ್ತು ಸಂಖ್ಯೆಗಳು ಅಂಥ ಕಥೆಗಳಿಗೆ ಸಂದಿದ್ದರಿಂದಲೇ ಪೈ ಅವರ ‘ಕೃಷ್ಣ’ಕ್ಕೆ ಹನ್ನೊಂದನೆಯ ಸಂಖ್ಯೆ ಬಂತು. ಇಷ್ಟು ಮುಂಚೆ ಶುರು ಮಾಡಿದ ಭಾಷೆಯ ಗ್ರಂಥಾಲಯಗಳಲ್ಲಿ ಇಂದಿಗೂ ಈ ಬಗೆಗೆ ಒಂದು ಪ್ರತ್ಯೇಕ ಕಪಾಟು ಅಪರೂಪ ಎಂಬುದೇ ವಿಚಿತ್ರ.

ಅದಕ್ಕೆ ಕಾರಣ ಓದುಗರ ಅಭಿರುಚಿಯಲ್ಲಿಲ್ಲ, ಖರೀದಿಯ ಲೆಕ್ಕದಲ್ಲಿದೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳು 1965ರ ಕಾಯಿದೆಯ ಮೇಲೆ ನಿಂತಿವೆ. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಶೇ. 6ರ ಗ್ರಂಥಾಲಯ ಕರ ಅವುಗಳ ಅನ್ನ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಈ ಹಣ ಗ್ರಂಥಾಲಯಕ್ಕೆ ಪೂರ್ತಿ ತಲುಪುವುದಿಲ್ಲ ಎಂಬುದು ರಾಜ್ಯದ ಹಳೆಯ ದೂರು. ತಲುಪಿದ್ದರಲ್ಲಿ ಪುಸ್ತಕ ಕೊಳ್ಳುವಾಗಲೂ ಸಗಟು ಖರೀದಿಯಲ್ಲಿ ಪುಟದ ಲೆಕ್ಕದಲ್ಲಿ ದರ ಕಟ್ಟುವ ಪದ್ಧತಿಯಿದೆ. ಇನ್ನೂರು ಪುಟದ ಕಪ್ಪು-ಬಿಳಿ ಕಾದಂಬರಿಗೆ ಇದರಿಂದ ಅಷ್ಟೇನೂ ನಷ್ಟವಿಲ್ಲ. ಮೂವತ್ತೆರಡು ಪುಟದ, ನಾಲ್ಕು ಬಣ್ಣದ, ದಪ್ಪ ಕಾಗದದ ಚಿತ್ರಪುಸ್ತಕಕ್ಕೆ ಅದೇ ಅಳತೆಗೋಲು ಹಿಡಿದರೆ ಅಚ್ಚಿನ ಖರ್ಚೂ ಹುಟ್ಟುವುದಿಲ್ಲ. ಹುಟ್ಟದ ಮೇಲೆ ಪ್ರಕಾಶಕ ಯಾಕೆ ಕಳಿಸುತ್ತಾನೆ? ಗ್ರಂಥಾಲಯದ ಖರೀದಿಯನ್ನೇ ಬಹಳಮಟ್ಟಿಗೆ ನಂಬಿದ ಕನ್ನಡ ಪ್ರಕಾಶನದಲ್ಲಿ, ಗ್ರಂಥಾಲಯ ಕೊಳ್ಳದ ಪುಸ್ತಕ ಅಚ್ಚಾಗುವುದೇ ಕಡಿಮೆ. ‘ಕನ್ನಡದಲ್ಲಿ ಚಿತ್ರಕಾದಂಬರಿಗಳೇ ಇಲ್ಲವಲ್ಲ, ಏನನ್ನು ಕೊಳ್ಳುವುದು’ ಎನ್ನುವ ಆಕ್ಷೇಪ ಬಂದಾಗ ಇದನ್ನು ನೆನೆಯಬೇಕು. ಕೊಳ್ಳದಿರುವುದೇ ಇಲ್ಲದಿರುವುದಕ್ಕೆ ಒಂದು ಕಾರಣ.

ಇನ್ನು ಸ್ಥಳದ ವಿಷಯ. ಬೀದರ್ ನಗರದಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯವಿದೆ, ತಾಲ್ಲೂಕು ಊರುಗಳಿಗೆ ಶಾಖೆಗಳಿವೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. ಈ ಕೊನೆಯವು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದವು, ಈಗ ‘ಅರಿವು ಕೇಂದ್ರ’ ಎನಿಸಿಕೊಂಡಿವೆ. 2020ರ ‘ಓದುವ ಬೆಳಕು’ ಅಭಿಯಾನ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲದ ಸದಸ್ಯತ್ವ ಕೊಟ್ಟಿತು. ಅಂದರೆ ಮಕ್ಕಳನ್ನು ಬಾಗಿಲವರೆಗೆ ತರುವ ಕೆಲಸವನ್ನು ಸರ್ಕಾರವೇ ಮಾಡಿದೆ. ಒಳಗೆ ಬಂದ ಮಗುವಿಗೆ ಯಾವ ಭಾಷೆಯಲ್ಲಿ ಏನು ಕೊಡಬೇಕು ಎಂಬಲ್ಲಿ ಬೀದರ್ ಜಿಲ್ಲೆ ಮಂಡ್ಯ ಅಥವಾ ಹಾಸನಕ್ಕಿಂತ ಬೇರೆಯಾಗುತ್ತದೆ. ಔರಾದ್ ರಾಜ್ಯದ ಉತ್ತರದ ತುದಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಅಲ್ಲಿ ಮನೆಯ ಮಾತು ಕನ್ನಡವಿರಬಹುದು, ಮರಾಠಿಯಿರಬಹುದು, ತಾಂಡಾಗಳಲ್ಲಿ ಲಂಬಾಣಿ, ಪೂರ್ವದ ಅಂಚಿನಲ್ಲಿ ತೆಲುಗು. ಬೀದರ್ ನಗರದ ಹಳೆಯ ಓಣಿಗಳಲ್ಲಿ ದಖ್ಖನಿ ಉರ್ದು. ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಜೊತೆಗೆ ಉರ್ದು, ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ಬಜಾರಿನಲ್ಲಿ ಒಂದೇ ಮಾತುಕತೆಯಲ್ಲಿ ಮೂರು ಭಾಷೆ ಹಾದುಹೋಗುವುದು ಇಲ್ಲಿ ಯಾರಿಗೂ ಅಚ್ಚರಿಯಲ್ಲ. ಆದರೆ ಗ್ರಂಥಾಲಯದೊಳಗೆ ಆ ಭಾಷೆಗಳು ಬೇರೆ ಬೇರೆ ಕಪಾಟುಗಳಲ್ಲಿ ಬೆನ್ನು ತಿರುಗಿಸಿ ಕೂತಿರುತ್ತವೆ. ಉರ್ದು ಬಲ್ಲವನು ಉರ್ದು ಕಪಾಟಿಗೆ ಹೋಗುತ್ತಾನೆ, ಕನ್ನಡದವನು ಕನ್ನಡದ್ದಕ್ಕೆ. ಮಾತಿನಲ್ಲಿ ಬೆರೆತವರು ಲಿಪಿಯಲ್ಲಿ ಬೇರೆಯಾಗುತ್ತಾರೆ.

ಈ ಗೋಡೆಯಲ್ಲಿ ಕಿಂಡಿ ಕೊರೆಯಬಲ್ಲ ಸಾಹಿತ್ಯ ರೂಪ ಯಾವುದಾದರೂ ಇದ್ದರೆ ಅದು ಚಿತ್ರಪುಸ್ತಕ. ಒಂದೇ ಚಿತ್ರದ ಕೆಳಗೆ ಕನ್ನಡದ ಸಾಲಿರುವ ಪುಸ್ತಕವನ್ನೂ ಮರಾಠಿಯ ಸಾಲಿರುವ ಪುಸ್ತಕವನ್ನೂ ಪಕ್ಕಪಕ್ಕ ತೆರೆದಿಟ್ಟರೆ, ಬಲ್ಲ ಲಿಪಿ ಬಾರದ ಲಿಪಿಗೆ ಕೈ ಹಿಡಿಯುತ್ತದೆ. ನಡುವೆ ನಿಘಂಟು ಬೇಡ, ಮೇಷ್ಟರೂ ಬೇಡ, ಅರ್ಥವನ್ನು ಚಿತ್ರವೇ ಕಾಯ್ದಿರುತ್ತದೆ. ಅಚ್ಚಗನ್ನಡದ ಕಾದಂಬರಿ ಮತ್ತು ಅದರ ಉರ್ದು ಅನುವಾದವನ್ನು ಹೀಗೆ ಪಕ್ಕದಲ್ಲಿಟ್ಟು ಓದಲು ವಿದ್ವಾಂಸನೇ ಬೇಕು, ಚಿತ್ರಪುಸ್ತಕವನ್ನು ಓದಲು ಮೂರನೆಯ ತರಗತಿ ಸಾಕು. ಇದಕ್ಕೆ ಬೇಕಾದ ಸರಕೂ ಸಿದ್ಧವಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ನಲ್ಲಿ ಅವವೇ ಚಿತ್ರಗಳ ಕಥೆಗಳು ಕನ್ನಡ, ಮರಾಠಿ, ಉರ್ದು, ತೆಲುಗು, ಹಿಂದಿಗಳಲ್ಲಿ ಮುಕ್ತ ಪರವಾನಗಿಯಡಿ ಸಿಗುತ್ತವೆ. ಯಾರ ಅಪ್ಪಣೆಯೂ ಇಲ್ಲದೆ ಇಳಿಸಿಕೊಂಡು ಬೀದರಿನ ಮುದ್ರಣಾಲಯದಲ್ಲೇ ಅಚ್ಚು ಹಾಕಬಹುದು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲಿಕೆಯೂ ಹಲವು ಭಾಷೆಗಳಲ್ಲಿ ಒಂದೇ ಚಿತ್ರಗಳೊಂದಿಗೆ ಬಂದಿದೆ. ಒಂದು ತಾಂತ್ರಿಕ ತೊಡಕು ಮಾತ್ರ ಇದೆ. ಉರ್ದು ಬಲದಿಂದ ಎಡಕ್ಕೆ ಓಡುತ್ತದೆ, ಅದರ ಪುಸ್ತಕ ನಮ್ಮ ಲೆಕ್ಕದ ಕೊನೆಯ ಪುಟದಿಂದ ತೆರೆಯುತ್ತದೆ. ಪುಟಕ್ಕೊಂದೇ ಚಿತ್ರವಿದ್ದರೆ ತೊಂದರೆಯಿಲ್ಲ. ಪುಟಕ್ಕೆ ಆರೇಳು ಚೌಕಟ್ಟುಗಳಿರುವ ಕಾಮಿಕ್ಸ್ ಆದರೆ ಚಿತ್ರಗಳ ಸಾಲನ್ನೇ ತಿರುಗಿಸಬೇಕು, ಇಲ್ಲವಾದರೆ ಏಟು ಮೊದಲು ಬಿದ್ದು ಜಗಳ ಆಮೇಲೆ ಶುರುವಾಗುತ್ತದೆ. ಆಯ್ಕೆ ಮಾಡುವವರು ಇಷ್ಟನ್ನು ನೋಡಿಕೊಂಡರೆ ಸಾಕು.

ಚಿತ್ರ ನೋಡಿದರೆ ಓದು ಕೆಡುತ್ತದೆ ಎನ್ನುವುದು ಹಳೆಯ ಆಕ್ಷೇಪ, ಗಟ್ಟಿ ಆಕ್ಷೇಪವೂ ಹೌದು. ಅದಕ್ಕೆ ದೊಡ್ಡ ಬಲ ಕೊಟ್ಟವರು ಅಮೆರಿಕದ ಮನೋವೈದ್ಯ ಫ್ರೆಡರಿಕ್ ವರ್ದಮ್. 1954ರ ಅವರ ಪುಸ್ತಕ ಕಾಮಿಕ್ಸಿಗೂ ಬಾಲಾಪರಾಧಕ್ಕೂ ಗಂಟು ಹಾಕಿತು. ಅವರ ಕಡತಗಳನ್ನು ತೆರೆದು ನೋಡಿದ ಗ್ರಂಥಾಲಯ ವಿಜ್ಞಾನಿ ಕ್ಯಾರಲ್ ಟಿಲ್ಲಿ, ಮಕ್ಕಳ ಹೇಳಿಕೆಗಳನ್ನು ವರ್ದಮ್ ತಿದ್ದಿ, ತಿರುಚಿ ಬಳಸಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. ಇತ್ತ 1981ರಲ್ಲಿ ಡೊರೆಲ್ ಮತ್ತು ಕ್ಯಾರಲ್ ಎಂಬ ಸಂಶೋಧಕರು ಒಂದು ಶಾಲಾ ಗ್ರಂಥಾಲಯದಲ್ಲಿ ಕಾಮಿಕ್ಸ್ ಇಟ್ಟು ನೋಡಿದ್ದರು. ಅವನ್ನು ಅಲ್ಲೇ ಕೂತು ಓದಬೇಕು, ಮನೆಗೆ ಒಯ್ಯುವಂತಿಲ್ಲ. ಗ್ರಂಥಾಲಯಕ್ಕೆ ಬರುವವರು ಶೇ. 82ರಷ್ಟು ಹೆಚ್ಚಿದರು. ಕಾಮಿಕ್ಸ್ ಅಲ್ಲದ ಬೇರೆ ಪುಸ್ತಕಗಳ ಎರವಲು ಶೇ. 30ರಷ್ಟು ಏರಿತು. ನಮಗೆ ಬೇಕಾದ ಸಂಖ್ಯೆ ಈ ಎರಡನೆಯದು. 1988ರ ಇನ್ನೊಂದು ಅಧ್ಯಯನ ಇಂಗ್ಲಿಷಿನ ಪದಗಳನ್ನು ಎಣಿಸಿ, ಪ್ರತಿ 1000 ಪದಗಳಲ್ಲಿ ಅಪರೂಪದ ಪದಗಳು ಮಕ್ಕಳ ಪುಸ್ತಕಗಳಲ್ಲಿ 30.9, ಕಾಮಿಕ್ಸಿನಲ್ಲಿ 53.5, ಪದವೀಧರರ ಮಾತುಕತೆಯಲ್ಲಿ 17.3 ಎಂದು ಕಂಡುಕೊಂಡಿತು. ಇವು ಇಂಗ್ಲಿಷಿನ ಅಂಕಿಗಳು. ಕನ್ನಡಕ್ಕೆ ಹಾಗೇ ಹೊಂದಿಸಿದರೆ ತಪ್ಪಾಗುತ್ತದೆ. ಆದರೂ ‘ಚಿತ್ರದ ಪುಸ್ತಕದಲ್ಲಿ ಮಾತೇ ಇರುವುದಿಲ್ಲ’ ಎನ್ನುವವರು ಹಳೆಯ ಅಮರ ಚಿತ್ರಕಥೆಯ ಒಂದು ಪುಟ ತೆರೆದು ಅದರ ಸಂಸ್ಕೃತಭೂಯಿಷ್ಠ ಕನ್ನಡವನ್ನು ಒಮ್ಮೆ ಓದಿ ನೋಡಲಿ. ಮಾತು ಅಗತ್ಯಕ್ಕಿಂತ ಹೆಚ್ಚೇ ಕಠಿಣವಾಗಿದೆ ಎಂದು ಬೇಕಾದರೆ ದೂರಬಹುದು.

ಮುಂದಿನ ಆಕ್ಷೇಪ ಇದಕ್ಕಿಂತ ನಾಜೂಕಿನದು, ಕನ್ನಡದ ಮೇಲಿನ ಕಾಳಜಿಯಿಂದ ಹುಟ್ಟಿದ್ದು. ಗಡಿ ತಾಲ್ಲೂಕಿನಲ್ಲಿ ಕನ್ನಡ ಮೊದಲೇ ಸೊರಗಿದೆ, ಕನ್ನಡದ ಹಣದಲ್ಲಿ ನಡೆಯುವ ಗ್ರಂಥಾಲಯದಲ್ಲಿ ಮರಾಠಿ, ಉರ್ದು ಪುಸ್ತಕಗಳನ್ನು ಕನ್ನಡದ ಪಕ್ಕಕ್ಕೇ ತಂದು ಕೂರಿಸಬೇಕೇ? ಈ ಪ್ರಶ್ನೆ ಕೇಳುವವರ ಬೆನ್ನ ಹಿಂದೆ ದೊಡ್ಡ ಇತಿಹಾಸವಿದೆ. ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತವೂ ಮೇಲ್ಮಟ್ಟದ ಶಿಕ್ಷಣವೂ ಉರ್ದುವಿನಲ್ಲಿದ್ದವು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಇಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಬೀದರ್ ಕನ್ನಡ ರಾಜ್ಯಕ್ಕೆ ಸೇರುವವರೆಗೆ ಇಲ್ಲಿ ಕನ್ನಡವನ್ನು ಕಾಯ್ದುಕೊಂಡಿದ್ದು ಇಂಥವರ ಹಟ. ಅದನ್ನು ಮರೆತು ಬಹುಭಾಷೆಯ ಹಾಡು ಹಾಡುವುದು ಸುಲಭ, ನನಗದು ಬೇಡ. ಆದರೆ ಪಟ್ಟದ್ದೇವರ ಶಾಲೆಯ ಕಥೆಯೇ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಫಲಕ ಉರ್ದುವಿನದಾದರೂ ಒಳಗೆ ಕನ್ನಡ ಕಲಿತರು. ಹೊರಗಿನ ಲಿಪಿ ಒಳಗಿನ ಕಲಿಕೆಗೆ ಬಾಗಿಲಾಯಿತು. ಇಂದು ಬಲಾಬಲ ತಿರುಗಿದೆ. ಆಡಳಿತ ಕನ್ನಡದ್ದು, ಪರೀಕ್ಷೆ ಕನ್ನಡದ್ದು, ಆದರೆ ಔರಾದಿನ ಮರಾಠಿ ಮನೆಯ ಹುಡುಗಿಗೆ ಕನ್ನಡ ಎಂದರೆ ಪಠ್ಯಪುಸ್ತಕ ಮತ್ತು ಅಂಕ ಮಾತ್ರ. ಅವಳು ತನಗೆ ಗೊತ್ತಿರುವ ಕಥೆಯನ್ನು ಗೊತ್ತಿರುವ ಚಿತ್ರದ ಜೊತೆ ಕನ್ನಡದಲ್ಲಿ ಮತ್ತೆ ಓದುವಂತಾದರೆ ಕನ್ನಡಕ್ಕೆ ಒಬ್ಬ ಓದುಗಾರ್ತಿ ಸಿಕ್ಕಂತೆ. ಮರಾಠಿ ಪುಸ್ತಕ ಪಕ್ಕದಲ್ಲಿಲ್ಲದಿದ್ದರೆ ಅವಳು ಕನ್ನಡದ ಕಪಾಟಿನವರೆಗೆ ಬರುವುದೇ ಇಲ್ಲ.

ಕನ್ನಡದ ಒಳಗೇ ಇನ್ನೊಂದು ಅಂತರವಿದೆ. ಬೀದರಿನಲ್ಲಿ ‘ಬರ್ಲತ್ತಾನ’, ‘ಮಾಡ್ಲತ್ತೀನಿ’ ಎನ್ನುವ ಮಗು ಪುಸ್ತಕದಲ್ಲಿ ‘ಬರುತ್ತಿದ್ದಾನೆ’, ‘ಮಾಡುತ್ತಿದ್ದೇನೆ’ ಎಂದು ಓದುತ್ತದೆ. ಅಚ್ಚಿನ ಲೋಕದಲ್ಲಿ ತನ್ನ ಮಾತನ್ನು ಅದು ಎಲ್ಲೂ ಕಾಣುವುದಿಲ್ಲ. ಗದ್ಯದ ನಿರೂಪಣೆಗೆ ಆಡುನುಡಿ ತರಲು ಹೋದರೆ ಸಂಪಾದಕರು ಹುಬ್ಬೇರಿಸುತ್ತಾರೆ. ಚಿತ್ರಕಾದಂಬರಿಯಲ್ಲಿ ಆ ಕಷ್ಟವಿಲ್ಲ, ಯಾಕೆಂದರೆ ಅಲ್ಲಿ ಬರಹದ ಬಹುಪಾಲು ಪಾತ್ರಗಳ ಬಾಯಿಂದ ಹೊರಡುವ ಗುಳ್ಳೆಯೊಳಗಿನ ಮಾತು. ಗುಳ್ಳೆಯೊಳಗೆ ಬೀದರ್ ಕನ್ನಡ ಬಂದರೆ ಯಾರೂ ಅದನ್ನು ತಪ್ಪು ಎನ್ನುವುದಿಲ್ಲ. ವಸ್ತುವಿಗೂ ಇಲ್ಲಿ ಬರವಿಲ್ಲ. 1472ರಲ್ಲಿ ಮಹಮೂದ್ ಗವಾನ್ ಕಟ್ಟಿಸಿದ, 3000 ಹಸ್ತಪ್ರತಿಗಳ ಸಂಗ್ರಹವಿತ್ತೆನ್ನುವ ಮದರಸಾ, 1481ರಲ್ಲಿ ಅದೇ ಗವಾನನಿಗೆ ಬಿದ್ದ ಮರಣದಂಡನೆ, ಅದೇ ಕಾಲದಲ್ಲಿ ಬೀದರಿಗೆ ಬಂದು ಕಂಡದ್ದನ್ನು ಬರೆದಿಟ್ಟ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್, ನೆಲದಡಿಯಲ್ಲಿ ನೀರು ಹರಿಸಿದ ಕರೇಜ್, ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸುವ ಬಿದರಿ ಕುಶಲಿಗಳು. ಚಿತ್ರಕಾರನಿಗೆ ಇದಕ್ಕಿಂತ ಇನ್ನೇನು ಬೇಕು?

ವಸ್ತುವಿನ ಮಾತು ಬಂದರೆ ಆಯ್ಕೆಯ ಮಾತೂ ಬರುತ್ತದೆ. ಅಮರ ಚಿತ್ರಕಥೆಯ ಒಂದು ಗೊಂಚಲು ತಂದಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟ ದಾರಿಯೂ ಹೌದು. ಬಿಳಿ ಮೈಯ ನಾಯಕ, ಕಪ್ಪು ಮೈಯ ರಾಕ್ಷಸ, ಕ್ರೂರಿಯಾಗಿಯೇ ಬರುವ ಮುಸ್ಲಿಂ ದೊರೆ ಎಂಬ ಅಚ್ಚುಗಳ ಬಗ್ಗೆ ನಂದಿನಿ ಚಂದ್ರ, ಕಾರ್ಲಿನ್ ಮೆಕ್‌ಲೇನ್ ಮೊದಲಾದವರು ಪುಸ್ತಕಗಳನ್ನೇ ಬರೆದಿದ್ದಾರೆ. ಬಹಮನಿಗಳ ರಾಜಧಾನಿಯಾಗಿದ್ದ ಊರಿನಲ್ಲಿ, ಎಲ್ಲ ಓಣಿಯ ಮಕ್ಕಳೂ ಬಂದು ಕೂರುವ ಕೋಣೆಯಲ್ಲಿ, ಅವೊಂದೇ ಇದ್ದರೆ ಅನ್ಯಾಯ. ಹಾಗೆಂದು ಅವನ್ನು ಹೊರಗಿಡಬೇಕಿಲ್ಲ. ಪಕ್ಕದಲ್ಲಿ ಬೇರೆ ಕಣ್ಣುಗಳೂ ಇರಬೇಕು. ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ಗೊಂಡ ಶೈಲಿಯಲ್ಲಿ ಬರೆದ ‘ಭೀಮಾಯಣ’ (2011) ಅಂಬೇಡ್ಕರರ ಬದುಕಿನ ಅವಮಾನಗಳನ್ನು ಹೇಳುತ್ತದೆ. ಅದರಲ್ಲಿ ಬರುವ ದೌಲತಾಬಾದ್ ಕೋಟೆಯ ಪ್ರಸಂಗ 1934ರದು, ಆಗ ಆ ಕೋಟೆಯೂ ಬೀದರೂ ಒಂದೇ ಸಂಸ್ಥಾನದ ನೆಲ. ಒರಿಜಿತ್ ಸೇನರ ‘ರಿವರ್ ಆಫ್ ಸ್ಟೋರೀಸ್’ (1994) ನರ್ಮದೆಯ ಅಣೆಕಟ್ಟಿನ ಸುತ್ತಲಿನದು, ಭಾರತದ ಮೊದಲ ಚಿತ್ರಕಾದಂಬರಿ ಎನಿಸಿಕೊಂಡದ್ದು. ಇರಾನಿನ ಮರ್ಜಾನ್ ಸತ್ರಪಿಯ ‘ಪರ್ಸೆಪೊಲಿಸ್’ ಕನ್ನಡಕ್ಕೂ ಬಂದಿದೆ. ಇವು ಹದಿಹರೆಯದವರಿಗೆ, ದೊಡ್ಡವರಿಗೆ. ಚಿತ್ರವಿದೆ ಎಂಬ ಒಂದೇ ಕಾರಣಕ್ಕೆ ಇವನ್ನೆಲ್ಲ ಮಕ್ಕಳ ವಿಭಾಗಕ್ಕೆ ತಳ್ಳಿದರೆ ದೂರು ಬರುವುದು ಖಂಡಿತ. ದೂರು ಎಲ್ಲೆಡೆಯೂ ಬರುತ್ತದೆ. ಹಿರೋಶಿಮಾದ ಬಾಂಬಿನ ಕಥೆ ಹೇಳುವ ‘ಬೇರ್‌ಫುಟ್ ಜೆನ್’ ಅನ್ನು ಜಪಾನಿನ ಮತ್ಸುಎ ನಗರದ ಶಿಕ್ಷಣ ಮಂಡಳಿ 2012ರಲ್ಲಿ ಶಾಲಾ ಗ್ರಂಥಾಲಯಗಳ ತೆರೆದ ಕಪಾಟಿನಿಂದ ತೆಗೆಸಿ, ಮರುವರ್ಷ ಜನರ ಟೀಕೆಗೆ ಮಣಿದು ಆ ಆದೇಶ ಹಿಂಪಡೆಯಿತು. 1992ರಲ್ಲಿ ಪುಲಿಟ್ಜರ್ ಪಡೆದ ‘ಮೌಸ್’ ಅನ್ನು ಅಮೆರಿಕದ ಒಂದು ಶಾಲಾ ಮಂಡಳಿ 2022ರಲ್ಲಿ ಪಠ್ಯದಿಂದ ಕೈಬಿಟ್ಟಿತು. ಇದಕ್ಕೆ ಮದ್ದು ಹೆದರಿ ಕೊಳ್ಳದಿರುವುದಲ್ಲ. ಯಾವ ವಯಸ್ಸಿಗೆ ಯಾವ ಕಪಾಟು, ಯಾವ ಕಾರಣಕ್ಕೆ ಯಾವ ಪುಸ್ತಕ ಎಂದು ಒಂದು ಪುಟದಲ್ಲಿ ಬರೆದು, ಸಹಿ ಹಾಕಿ ಗೋಡೆಗೆ ಅಂಟಿಸುವುದು.

ಹಣದ ಆಕ್ಷೇಪಕ್ಕೆ ಬರೋಣ. ಬೀದರಿನಲ್ಲೇ ಇರಲಿ ಭಾಲ್ಕಿಯಲ್ಲೇ ಇರಲಿ, ಗ್ರಂಥಾಲಯದ ಕುರ್ಚಿಗಳನ್ನು ಇಂದು ತುಂಬಿರುವವರು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಅವರಿಗೆ ಬೇಕಾದ ಪುಸ್ತಕ ಬಿಟ್ಟು ಬಣ್ಣದ ಪುಸ್ತಕಕ್ಕೆ ಹಣ ಹಾಕುವುದು ನ್ಯಾಯವೇ? ಅವರ ಪುಸ್ತಕವನ್ನು ಯಾರೂ ಕಸಿಯಬೇಕಿಲ್ಲ. ಆದರೆ ಪರೀಕ್ಷೆಯ ಕೈಪಿಡಿ ಎರಡು ವರ್ಷಕ್ಕೆ ಹಳತಾಗಿ ರದ್ದಿಗೆ ಹೋಗುತ್ತದೆ, ಒಳ್ಳೆಯ ಚಿತ್ರಕಾದಂಬರಿ ಹತ್ತು ವರ್ಷವಾದರೂ ಹಳತಾಗುವುದಿಲ್ಲ. ರಾಜಾರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಎಂಬ ಬೇರೆ ಬಾಗಿಲುಗಳನ್ನೂ ತಟ್ಟಬಹುದು. ಮುಕ್ತ ಪರವಾನಗಿಯ ಪುಸ್ತಕಗಳಿಗಂತೂ ಅಚ್ಚಿನ ಖರ್ಚು ಮಾತ್ರ.

ಉಳಿದದ್ದು ಕಪಾಟಿನ ಕೆಲಸ. ಪಿನ್ನು ಹೊಡೆದ ತೆಳು ಪುಸ್ತಕಕ್ಕೆ ಬೆನ್ನಿರುವುದಿಲ್ಲ. ನಿಲ್ಲಿಸಿಟ್ಟರೆ ಎರಡು ದಪ್ಪ ಪುಸ್ತಕಗಳ ನಡುವೆ ಅದು ಮಾಯವಾಗುತ್ತದೆ, ಮುಖಪುಟ ಕಾಣುವಂತೆ ಇಡಬೇಕು ಅಥವಾ ಐದೈದು ಸೇರಿಸಿ ರಟ್ಟು ಕಟ್ಟಿಸಬೇಕು. ಡ್ಯೂಯಿ ವರ್ಗೀಕರಣದಲ್ಲಿ ಕಾಮಿಕ್ಸಿಗೆ 741.5 ಎಂಬ ಸಂಖ್ಯೆ ಇದೆ. ಕನ್ನಡ ಕಾದಂಬರಿಗೆ 894.8143. ಇಲ್ಲಿ ನಾನು ಹೇಳುವ ಕಪಾಟಿಗೆ ಮೊದಲನೆಯದೇ ಒಳ್ಳೆಯದು, ಯಾಕೆಂದರೆ ಅದು ಭಾಷೆಯನ್ನು ಕೇಳುವುದಿಲ್ಲ. ಅದರೊಳಗೆ ಪುಸ್ತಕದ ಹೆಸರಿನ ಪ್ರಕಾರ ಜೋಡಿಸಿ, ಭಾಷೆಗೊಂದು ಬಣ್ಣದ ಪಟ್ಟಿ ಅಂಟಿಸಿದರೆ ಒಂದು ಕಥೆಯ ನಾಲ್ಕು ಲಿಪಿಗಳು ತಾವಾಗಿ ಅಕ್ಕಪಕ್ಕ ಬರುತ್ತವೆ. ಪುಸ್ತಕ ಹರಿಯುತ್ತದೆ, ಕಳೆಯುತ್ತದೆ ಎಂಬ ಭಯಕ್ಕೆ ಬೀಗ ಹಾಕಿಡುವ ರೂಢಿಯೇ ಈ ಯೋಜನೆಯ ನಿಜವಾದ ಶತ್ರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅಪ್ರಾಮಾಣಿಕತೆ ಅಥವಾ ಅಲಕ್ಷ್ಯ ಇಲ್ಲದಿದ್ದರೆ, ಓದಲು ಕೊಟ್ಟ ಪ್ರತಿ 1000 ಪುಸ್ತಕಕ್ಕೆ ವರ್ಷಕ್ಕೆ 5ರ ನಷ್ಟವನ್ನು ಸಹಜವೆಂದು ಒಪ್ಪುತ್ತವೆ. ಕೈಯಿಂದ ಕೈಗೆ ಓಡಾಡುವ ಮಕ್ಕಳ ಚಿತ್ರಪುಸ್ತಕಕ್ಕೆ ಅದಕ್ಕಿಂತ ಉದಾರವಾದ ಮಿತಿಯನ್ನು ರಾಜ್ಯ ತನ್ನದೇ ಆದೇಶದಲ್ಲಿ ಬರೆದುಕೊಟ್ಟರೆ, ಹಳ್ಳಿಯ ಗ್ರಂಥಪಾಲಕರು ಸಂಬಳ ಕಡಿತದ ಭಯವಿಲ್ಲದೆ ಬೀಗ ತೆಗೆದಾರು.

ಎಲ್ಲಿಂದ ಶುರು ಮಾಡಬೇಕು? ಕಡತ ಸಾಗುವ ರೀತಿ ನೋಡಿದರೆ ಜಿಲ್ಲಾ ಕೇಂದ್ರದಿಂದ, ಅಲ್ಲಿ ಉಳಿದದ್ದು ಭಾಲ್ಕಿಗೆ, ಕೊನೆಗೆ ಮಿಕ್ಕದ್ದು ಔರಾದಿಗೆ. ಆ ಸರದಿಯನ್ನು ತಿರುಗಿಸಬೇಕು. ಬೀದರ್ ನಗರದ ಓದುಗನಿಗೆ ಹೈದರಾಬಾದು 150 ಕಿ.ಮೀ. ಒಳಗೇ ಇದೆ, ಊರೊಳಗೆ ಪುಸ್ತಕದ ಅಂಗಡಿಗಳಿವೆ. ಔರಾದಿನ ಮಗುವಿಗೆ ಪಠ್ಯ ಬಿಟ್ಟು ಬೇರೆ ಬಣ್ಣದ ಪುಸ್ತಕ ಮುಟ್ಟಲು ಸಿಗುವ ಜಾಗ ಸಾರ್ವಜನಿಕ ಗ್ರಂಥಾಲಯ ಬಿಟ್ಟರೆ ಕಡಿಮೆ. ಮೂರು ಭಾಷೆಯ ಗಡಿಯೂ ಅಲ್ಲೇ ಇದೆ. ಈ ಖರೀದಿಗೆ ಸಹಿ ಹಾಕುವ ಅಧಿಕಾರವಿರುವವರು ಪುಟದ ಲೆಕ್ಕವನ್ನು ಚಿತ್ರಪುಸ್ತಕಗಳ ಮಟ್ಟಿಗಾದರೂ ಸಡಿಲಿಸಲಿ, ಮೊದಲ 300 ಪುಸ್ತಕಗಳ ಕಟ್ಟು ಬಿಚ್ಚುವುದು ಔರಾದಿನ ಶಾಖಾ ಗ್ರಂಥಾಲಯದಲ್ಲೇ ಆಗಲಿ.